ಎರಡು ಚೀಲ ಅಡುಗೆ ಸೋಡಾ

ನಗರ ಸಾರಿಗೆಯ ಕಚೇರಿಯಲ್ಲಿ ಬಸ್ಸುಗಳ ವೇಳಾಪಟ್ಟಿ ಬರೆಯುವುದು ಅವನ ಕೆಲಸ. ಯಾವ ಬಸ್ಸು ಯಾವ ನಿಲ್ದಾಣಕ್ಕೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬರಬೇಕೆಂದು ಹದಿನೆಂಟು ವರ್ಷಗಳಿಂದ ಬರೆಯುತ್ತ ಬಂದಿದ್ದ. ಬಸ್ಸುಗಳು ಅದನ್ನು ಎಂದೂ ಓದಲಿಲ್ಲ, ಆ ಮಾತು ಬೇರೆ. ಈ ಕೆಲಸದಿಂದಾಗಿ ಅವನಿಗೆ ಟೈಂಟೇಬಲ್ ಎಂಬ ಹೆಸರು ಬಿದ್ದು, ಕೊನೆಗೆ ಅಂಚೆಯವನು ಕೂಡ ಹಾಗೆಯೇ ಕೂಗಿ ಕಾಗದ ಕೊಡುತ್ತಿದ್ದ. ಕಾಗದದ ಮೇಲೆ ಎಂಥ ಗೋಜಲನ್ನೂ ಬಿಡಿಸುವ ಈ ಮನುಷ್ಯ, ಕಾಗದದಿಂದ ತಲೆ ಎತ್ತಿದ ಕೂಡಲೇ ತಾನೇ ಒಂದು ಗೋಜಲಾಗಿಬಿಡುತ್ತಿದ್ದ.

ಒಂದು ಭಾನುವಾರ ಪತ್ರಿಕೆಯನ್ನು ಜಾಹೀರಾತು ಸಮೇತ ಓದಿ ಮುಗಿಸಿ, ಓದಲು ಬೇರೇನೂ ಸಿಗದೆ, ನೆಲ ಒರೆಸುವ ದ್ರಾವಣದ ಬಾಟಲಿಯ ಹಿಂಬದಿಯನ್ನು ಓದಲು ಕೂತ. ಅದರಲ್ಲಿ ಏನೇನಿದೆ ಎಂಬ ಪಟ್ಟಿಯಲ್ಲಿ ಮೊದಲ ಹೆಸರು ನೀರು. ಅವನಿಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ನಲ್ಲಿ ಇರುವಾಗ ಇಷ್ಟು ವರ್ಷ ಅಂಗಡಿಯಿಂದ ನೀರು ಹೊತ್ತು ತಂದೆವಲ್ಲ ಎಂದು ಇಡೀ ಮಧ್ಯಾಹ್ನ ಕೊರಗಿದ. ಸಂಜೆಯ ಹೊತ್ತಿಗೆ ಅದಕ್ಕೆ ಮದ್ದನ್ನೂ ಕಂಡುಕೊಂಡಿದ್ದ. ಅಡುಗೆ ಸೋಡಾ, ವಿನೆಗರ್, ನಿಂಬೆ ಉಪ್ಪು ಎಂಬ ಹುಳಿಪುಡಿ, ಈ ಮೂರಿದ್ದರೆ ಸಾಕು, ಸಿಂಕಿನಿಂದ ಹಿಡಿದು ಕಿಟಕಿಯವರೆಗೆ ಎಲ್ಲ ಫಳಫಳ ಎನ್ನುತ್ತದೆ ಎಂದು ಯಾವುದೋ ಲೇಖನದಲ್ಲಿ ಓದಿ, ಊಟದ ಹೊತ್ತಿಗೆ ಹೆಂಡತಿಗೆ ಅದನ್ನೆಲ್ಲ ಭಾಷಣದಂತೆ ಒಪ್ಪಿಸಿದ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಊರಿನವರಿಗೆ ಕಣ್ಣು ಕಾಣಿಸುವ ಹಾಗೆ ಮಾಡಿ ಮನೆಗೆ ಬಂದು, ಇಲ್ಲಿ ಕನ್ನಡಕವಿಲ್ಲದೆಯೇ ಎಲ್ಲ ಕಾಣುತ್ತಿದೆಯಲ್ಲ ಎಂದು ನಿಟ್ಟುಸಿರು ಬಿಡುವುದು ಅವಳ ದಿನಚರಿ. ಮೂರನ್ನೂ ಒಂದೊಂದು ಸಣ್ಣ ಪೊಟ್ಟಣ ತಂದು ಸಿಂಕಿಗೆ ಹಾಕಿ ನೋಡೋಣ ಎಂದು ಅವಳು ಸಮಾಧಾನವಾಗಿಯೇ ಹೇಳಿದಳು. ಪೊಟ್ಟಣದಲ್ಲಿ ಕೊಂಡರೆ ನಾವು ಪೊಟ್ಟಣಕ್ಕೇ ದುಡ್ಡು ಕೊಟ್ಟಂತೆ, ಜಾಣರು ಸಗಟಿನಲ್ಲಿ ಕೊಳ್ಳುತ್ತಾರೆ ಎಂದು ಇವನು ವಾದಿಸಿದ. ಜಾಣರು ಎಂಬ ಮಾತು ಕೇಳಿ ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಕಚೇರಿಯ ಬಿಡುವಿನಲ್ಲಿ ಸಗಟು ವ್ಯಾಪಾರಿಗೆ ಫೋನು ಮಾಡಿದ. ಆತ ಮೊದಲು ಕೇಳಿದ್ದೇ ಯಾವ ಅಂಗಡಿಯವರು ಎಂದು.

"ಅಂಗಡಿ ಅಂತಲ್ಲ..." ಎಂದ ಟೈಂಟೇಬಲ್.

"ನಾವು ವ್ಯಾಪಾರದವರಿಗೆ ಮಾತ್ರ ಕೊಡೋದು. ಮನೆಗಾದ್ರೆ ನಿಮ್ಮ ಬೀದಿಯಲ್ಲೇ ಪೊಟ್ಟಣ ಸಿಗುತ್ತಲ್ಲ, ತಗೊಳ್ಳಿ."

ಪೊಟ್ಟಣ ಎಂಬ ಮಾತು ಎರಡನೆಯ ಸಲ ಕಿವಿಗೆ ಬಿದ್ದದ್ದನ್ನು ಅವನಿಗೆ ತಡೆಯಲಾಗಲಿಲ್ಲ.

"ಬೇಕರಿ," ಎಂದುಬಿಟ್ಟ.

ಆ ಮಾತು ಅವನ ಬಾಯಿಂದ ಬಂದದ್ದಷ್ಟೇ, ತಲೆಯಿಂದ ಬಂದದ್ದಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವ್ಯಾಪಾರಿಯ ದನಿ ಕೂಡಲೇ ಜೇನಾಯಿತು. ಬೇಕರಿಯ ಹೆಸರೇನು ಎಂದು ಕೇಳಿದ. ಇನ್ನೂ ಇಟ್ಟಿಲ್ಲ ಎಂದ ಇವನು. ಹಾಗಿದ್ದರೆ ಸದ್ಯಕ್ಕೆ ಹೊಸ ಬೇಕರಿ ಎಂದೇ ಬರೆದುಕೊಳ್ಳುತ್ತೇನೆ, ಒಂದು ನಮೂನೆ ಕಳಿಸುತ್ತೇನೆ, ಸಹಿ ಹಾಕಿ ಕೊಡಿ ಎಂದ ವ್ಯಾಪಾರಿ. ಸಾಮಾನು ಎಷ್ಟು ಬೇಕೆಂಬ ಪ್ರಶ್ನೆಗೆ ಟೈಂಟೇಬಲ್ ಧಾರಾಳವಾಗಿ, ಎರಡು ಚೀಲ ಸೋಡಾ, ಒಂದು ಚೀಲ ನಿಂಬೆ ಉಪ್ಪು, ಒಂದು ಕ್ಯಾನು ವಿನೆಗರ್ ಎಂದ. ಚೀಲ ಎನ್ನುವಾಗ ಅವನ ಕಣ್ಣಮುಂದೆ ಇದ್ದದ್ದು ಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದಿದ್ದ ತರಕಾರಿ ಚೀಲ. ವ್ಯಾಪಾರಿಯ ಕಣ್ಣಮುಂದೆ ಇದ್ದದ್ದು ಇಪ್ಪತ್ತೈದು ಕಿಲೋದ ಗೋಣಿ. ಬೇಕರಿಗೆ ಅಷ್ಟೊಂದು ವಿನೆಗರ್ ಯಾಕೆ ಎಂದು ಆತ ಕುತೂಹಲದಿಂದ ಕೇಳಿದ್ದಕ್ಕೆ, ನಮ್ಮದು ಬೇರೆ ಥರದ ಬೇಕರಿ ಎಂದು ಉತ್ತರ ಕೊಟ್ಟು, ತನ್ನ ಚಾತುರ್ಯಕ್ಕೆ ತಾನೇ ಮೆಚ್ಚಿ ಫೋನಿಟ್ಟ.

ನಮೂನೆ ಬಂತು, ಇವನು ಸಹಿ ಹಾಕಿ ಕಳಿಸಿದ. ಗುರುವಾರ ಬೆಳಿಗ್ಗೆ ಸಾಮಾನೂ ಬಂತು. ಆಗ ಗಂಡಹೆಂಡಿರು ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಅವರ ಮನೆ ಮೊದಲನೆಯ ಮಹಡಿಯಲ್ಲಿ, ಕೆಳಗೆ ಒಂದು ಸಲೂನು. ಹೊತ್ತು ತಂದವರು ಮೆಟ್ಟಿಲನ್ನೊಮ್ಮೆ ನೋಡಿ, ಚೀಲಗಳನ್ನೊಮ್ಮೆ ನೋಡಿ, ಎಲ್ಲವನ್ನೂ ಸಲೂನಿನ ಬಾಗಿಲಲ್ಲೇ ಇಳಿಸಿ ಹೋದರು. ಮೂರು ಗೋಣಿಚೀಲದ ಮೇಲೂ, ಸೊಂಟದೆತ್ತರದ ನೀಲಿ ಡ್ರಮ್ಮಿನ ಮೇಲೂ ದಪ್ಪ ಅಕ್ಷರಗಳಲ್ಲಿ 'ಹೊಸ ಬೇಕರಿ, ಮೊದಲನೇ ಮಹಡಿ' ಎಂದು ಬರೆದಿತ್ತು.

ಸಲೂನಿನ ಯಜಮಾನ ಅದನ್ನು ಗಟ್ಟಿಯಾಗಿ ಓದಿದ. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಕೆನ್ನೆಯ ಮೇಲೆ ಕತ್ತಿ ಇಡಿಸಿಕೊಂಡು ಕೂತವನಿಗೆ ಕೇಳುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಹೀಗೆ ಆ ದಿನ ಹನ್ನೊಂದು ಕುತ್ತಿಗೆಗಳ ಮೂಲಕ ಸುದ್ದಿ ಬೀದಿಯ ಎರಡೂ ಕೊನೆ ಮುಟ್ಟಿತು. ಸಂಜೆ ಟೈಂಟೇಬಲ್ ಮನೆಗೆ ಬರುವ ಹೊತ್ತಿಗೆ ಅವನ ಬೇಕರಿಯಲ್ಲಿ ಆರು ಜನ ಕೆಲಸಗಾರರೂ ಒಂದು ಡೆಲಿವರಿ ವ್ಯಾನೂ ಇದ್ದವು.

ಸಲೂನಿನ ಯಜಮಾನ ಓಡಿಬಂದು ಅವನ ಕೈ ಕುಲುಕಿದ. ಟೈಂಟೇಬಲ್ ಇದು ಬೇಕರಿಯಲ್ಲ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಯಜಮಾನ, ಸಗಟು ವ್ಯಾಪಾರಿ ದಿನ ಬಿಟ್ಟು ದಿನ ತನ್ನಲ್ಲೇ ಗಡ್ಡ ಮಾಡಿಸಿಕೊಳ್ಳುವವನೆಂದೂ, ಸುಳ್ಳು ಹೇಳಿ ಸಾಮಾನು ತರಿಸಿಕೊಂಡವರನ್ನು ಆತ ಜನ್ಮದಲ್ಲಿ ಕ್ಷಮಿಸುವುದಿಲ್ಲವೆಂದೂ, ಆದರೆ ಈ ಬೇಕರಿಯ ಮೇಲೆ ಮಾತ್ರ ಬಹಳ ಅಭಿಮಾನ ಇಟ್ಟಿದ್ದಾನೆಂದೂ ಹೇಳಿದ. ತೆರೆದ ಬಾಯನ್ನು ಹಾಗೆಯೇ ಮುಚ್ಚಲಾಗದೆ ಟೈಂಟೇಬಲ್ "ನೋಡೋಣ" ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಆ ಮಾತು. ಯಜಮಾನನಿಗೆ ಅದರ ಬೆಳಕು ಬೇಕರಿಯ ಕಡೆಗೇ ಬಿದ್ದಂತೆ ಕಂಡಿತು.

ಇಬ್ಬರೂ ಸೇರಿ ಎಲ್ಲವನ್ನೂ ಮೇಲಕ್ಕೆ ಎಳೆದುಕೊಂಡು ಹೋದರು. ಹೆಂಡತಿ ಬಂದಾಗ ಸೋಫಾ ಇದ್ದ ಜಾಗದಲ್ಲಿ ಗೋಣಿಗಳಿದ್ದವು, ಸೋಫಾ ಮಲಗುವ ಕೋಣೆಯಲ್ಲಿ ನಿಂತುಕೊಂಡಿತ್ತು. ಅವಳು ಚೀಲವೊಂದರ ಮೇಲೆ ಕೂತು ಚಪ್ಪಲಿ ಬಿಚ್ಚಿದಳು.

"ಒಂದು ಸಿಂಕಿಗೆ ಒಂದು ಚಮಚ ಸೋಡಾ ಸಾಕು ಅಂದಿದ್ರಿ. ನಮ್ಮನೇಲಿ ಎಷ್ಟು ಸಿಂಕಿದೆ?"

"ಒಂದು."

ಅವಳು ಚಪ್ಪಲಿಯನ್ನು ಮೂಲೆಗೆ ಸರಿಸಿ, ಎರಡನೆಯ ಮಹಡಿಯ ಹೆಡ್‌ಮಿಸ್ಸು ಇವತ್ತು ಅಂಗಡಿಗೆ ಬಂದಿದ್ದರು ಎಂದಳು. ಮೂವತ್ತು ವರ್ಷ ಶಾಲೆಯೊಂದನ್ನು ಬರಿಯ ಹುಬ್ಬಿನಿಂದ ಆಳಿ ನಿವೃತ್ತರಾದವರು ಅವರು. ಅವರಿಗೆ ಕನ್ನಡಕ ಬೇಕಿರಲಿಲ್ಲ. ಒಲೆ ಬೆಳಿಗ್ಗೆ ಎಷ್ಟು ಗಂಟೆಗೆ ಹಚ್ಚುತ್ತೀರಿ, ಅದರ ಶಾಖ ತನ್ನ ನೆಲಕ್ಕೆ ಎಷ್ಟು ಏರುತ್ತದೆ, ಇದಕ್ಕೆ ಆಹಾರ ಇಲಾಖೆಯ ಅನುಮತಿ ಇದೆಯೇ ಎಂದು ಕೇಳಿ, ಇವಳು ಪಿಳಿಪಿಳಿ ನೋಡಿದ್ದಕ್ಕೆ ಉತ್ತರ ಗೊತ್ತಿಲ್ಲದ ಮಕ್ಕಳಿಗೆ ಕೊಡುತ್ತಿದ್ದ ನೋಟವನ್ನೇ ಕೊಟ್ಟು ಹೋಗಿದ್ದರು. ಟೈಂಟೇಬಲ್ ಆಗ ಎಲ್ಲವನ್ನೂ ಹೇಳಿದ. ಹೆಂಡತಿ ಕೋಪ ಮಾಡಿಕೊಳ್ಳಬೇಕೆಂದು ಹೊರಟವಳು ದಾರಿ ತಪ್ಪಿ ನಕ್ಕುಬಿಟ್ಟಳು. ನಾಳೆಯೇ ಹೋಗಿ ವ್ಯಾಪಾರಿಗೆ ನಿಜ ಹೇಳಿ ಬನ್ನಿ ಎಂದಳು. ಇವನು ಆಗಲಿ ಎಂದ. ಆದರೆ ಆ ನಾಳೆ ಬರಲೇ ಇಲ್ಲ.

ಬದಲಿಗೆ ಅವನು ಸಾಮಾನನ್ನೇ ಖಾಲಿ ಮಾಡಿ ಸಾಕ್ಷ್ಯ ಅಳಿಸುವ ನಿರ್ಧಾರಕ್ಕೆ ಬಂದ. ಕಚೇರಿಯಿಂದ ಬಂದವನೇ ತೋಳು ಮಡಚುತ್ತಿದ್ದ. ಸಿಂಕು, ಒಲೆ, ಒಲೆಯ ಕೆಳಗಿನ ಓವನ್ನು, ಕೆಟಲು, ಕಿಟಕಿ, ಬಾಗಿಲ ಹಿಡಿ, ಗೋಡೆಯ ಟೈಲು, ಟೈಲಿನ ನಡುವಣ ಗೆರೆ, ಬೂಟಿನ ಒಳಗು, ಯಾವುದನ್ನೂ ಬಿಡಲಿಲ್ಲ. ಒಂದು ವಾರದಲ್ಲಿ ಅಡುಗೆಮನೆ ಕಣ್ಣು ಕುಕ್ಕುವಂತಾಯಿತು. ಚೀಲಗಳು ಮಾತ್ರ ಹಾಗೆಯೇ ಇದ್ದವು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎನ್ನುತ್ತಾರಲ್ಲ, ಇಲ್ಲಿ ಹೊಳೆಯೇ ಸೋಡಾದ್ದು.

ಆಗ ಅವನಿಗೆ ಕೊಳವೆಯ ನೆನಪಾಯಿತು. ಬುಧವಾರ ರಜೆ ಹಾಕಿ, ಅರ್ಧ ಬಕೆಟ್ ಸೋಡಾವನ್ನು ಸಿಂಕಿನ ಕೊಳವೆಗೆ ಸುರಿದು, ಅದರ ಮೇಲೆ ಅರ್ಧ ಬಕೆಟ್ ವಿನೆಗರ್ ಹೊಯ್ದ. ಎರಡೂ ಸೇರಿದರೆ ನೊರೆ ಬರುತ್ತದೆ ಎಂದು ಲೇಖನದಲ್ಲಿತ್ತು. ಆದರೆ ಲೇಖಕ ಹೇಳಿದ್ದು ಚಮಚದ ಲೆಕ್ಕ. ಕೊಳವೆ ಒಮ್ಮೆ ಗುಳುಗುಳು ಎಂದಿತು, ಆಮೇಲೆ ಹೊಟ್ಟೆಯ ಆಳದಿಂದ ತೇಗಿತು. ನೊರೆ ಸ್ವಲ್ಪ ಮೇಲೆ ಬಂತು, ಬಹಳಷ್ಟು ಕೆಳಗೆ ಹೋಯಿತು.

ಕೆಳಗೆ ಸಲೂನಿನಲ್ಲಿ ಆ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದವರು ಟೈಂಟೇಬಲ್‌ನ ಕಚೇರಿಯ ಮೇಲಧಿಕಾರಿ. ಅರ್ಧ ಮುಖ ಕ್ಷೌರವಾಗಿತ್ತು. ಕನ್ನಡಿಯ ಕೆಳಗಿನ ತೊಟ್ಟಿಯ ತೂತಿನಿಂದ ಬಿಳಿಯ ನೊರೆ ಮೆಲ್ಲಗೆ ತಲೆ ಎತ್ತಿ, ತೊಟ್ಟಿ ತುಂಬಿ, ಅಂಚು ದಾಟಿ, ಬಾಚಣಿಗೆಗಳನ್ನು ಒಂದೊಂದಾಗಿ ನುಂಗುತ್ತ ಅವರ ಮಡಿಲಿನ ಕಡೆಗೆ ಹೊರಟಿತು. ಅವರು ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡರು. ಯಜಮಾನ ಮಾತ್ರ ವಿಚಲಿತನಾಗಲಿಲ್ಲ.

"ಗಾಬರಿ ಆಗ್ಬೇಡಿ ಸಾರ್. ಮೇಲೆ ಬೇಕರಿಯಲ್ಲಿ ಹಿಟ್ಟು ಉಬ್ಬಿದೆ," ಎಂದ. ಯಾವ ಬೇಕರಿ ಎಂದು ಅವರು ಕೇಳಿದರು. ಯಜಮಾನ ಮೊದಲಿನಿಂದ ಕೊನೆಯವರೆಗೆ ಹೇಳಿದ. ವ್ಯಾನನ್ನೂ ಬಿಡಲಿಲ್ಲ.

ಮಾರನೆಯ ದಿನ ಮೇಲಧಿಕಾರಿಗಳು ಟೈಂಟೇಬಲ್‌ನನ್ನು ಒಳಗೆ ಕರೆಸಿದರು. ಹದಿನೆಂಟು ವರ್ಷ ಜೊತೆಗಿದ್ದವನು ಇಂಥ ವಿಷಯವನ್ನು ತಮಗೆ ಮೊದಲು ಹೇಳಬಾರದಿತ್ತೇ ಎಂದು ನೊಂದುಕೊಂಡರು. ಸಂಸ್ಥೆಯ ನೌಕರ ಸ್ವಂತ ವ್ಯಾಪಾರ ಮಾಡುವಂತಿಲ್ಲ ಎಂಬ ನಿಯಮವನ್ನೂ ನೆನಪಿಸಿದರು. ಟೈಂಟೇಬಲ್ ಈ ಸಲ ಧೈರ್ಯ ಮಾಡಿ ನಿಜವನ್ನೇ ಹೇಳಿದ. ಬೇಕರಿಯೂ ಇಲ್ಲ, ಹಿಟ್ಟೂ ಇಲ್ಲ, ಮನೆ ತೊಳೆಯಲು ಸೋಡಾ ಕೊಂಡಿದ್ದೇನೆ, ಐವತ್ತು ಕಿಲೋ ಎಂದ. ಅವರು ಬಹಳ ಹೊತ್ತು ಅವನ ಮುಖ ನೋಡಿದರು.

"ನೋಡಪ್ಪ, ನೀನು ದಡ್ಡ ಇರಬಹುದು. ಆದ್ರೆ ಅಷ್ಟು ದಡ್ಡ ಅಂತ ನಾನು ಒಪ್ಪಲ್ಲ."

ನಿಜ ಸುಳ್ಳಿಗಿಂತ ಪೆದ್ದಾಗಿದ್ದರೆ ಹೀಗೇ ಆಗುವುದು. ಶನಿವಾರದೊಳಗೆ ಒಂದೋ ರಾಜೀನಾಮೆ, ಇಲ್ಲವೇ ಮನೆಯಲ್ಲಿ ಅವನ ಬೇಕರಿ ಇಲ್ಲವೆಂದು ಆಹಾರ ಇಲಾಖೆಯವರಿಂದ ಬರೆಸಿಕೊಂಡು ಬಂದ ಕಾಗದ, ಎರಡರಲ್ಲಿ ಒಂದು ಮೇಜಿನ ಮೇಲಿರಬೇಕು ಎಂದರು. ಹೊರಗೆ ಬಂದರೆ ಪಕ್ಕದ ಮೇಜಿನ ಸಹೋದ್ಯೋಗಿ ಇವನ ಮೇಜಿಗೆ ಗಾಜು ಹಾಕಿಸಲು ಗೇಣಿನಿಂದ ಅಳತೆ ತೆಗೆಯುತ್ತಿದ್ದ. ಇವನನ್ನು ಕಂಡು, ಬನ್ನು ಮೆತ್ತಗಿರಲಿ ಎಂದು ಹಾರೈಸಿದ.

ಆಹಾರ ಇಲಾಖೆಯನ್ನು ಹೇಗೆ ಕರೆಸುವುದೆಂಬ ಚಿಂತೆ ಇವನಿಗೆ ಬೀಳಲಿಲ್ಲ. ಹೆಡ್‌ಮಿಸ್ಸು ಆಗಲೇ ಅವರಿಗೆ ನಾಲ್ಕು ಪುಟದ ದೂರು ಕಳಿಸಿ, ಅದರಲ್ಲಿ ತಮ್ಮ ನೆಲ ಬಿಸಿಯಾಗುತ್ತಿದೆ ಎಂದು ಬರೆದಿದ್ದರು. ಅನುಮತಿ ಇಲ್ಲದ ಬೇಕರಿಯನ್ನು ಪರೀಕ್ಷಿಸಲು ಶನಿವಾರ ಬೆಳಿಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರು ಬರುತ್ತಾರೆ ಎಂಬ ನೋಟೀಸು ಬಂದಾಗ ಟೈಂಟೇಬಲ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬರಲಿ, ನೋಡಲಿ, ಇಲ್ಲ ಎಂದು ಬರೆದು ಕೊಡಲಿ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಶುಕ್ರವಾರ ಸಂಜೆಯೆಲ್ಲ ಇಡೀ ಅಡುಗೆಮನೆಯನ್ನು ಇನ್ನೊಂದು ಸಲ ತಿಕ್ಕಿದ.

ಶನಿವಾರ ಎಂಟಕ್ಕೆ ಹೆಂಡತಿ ಅಂಗಡಿಗೆ ಹೋದಳು. ಎಂಟೂಕಾಲಿಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಎದುರಿಗೆ ಅತ್ತೆ.

ಅತ್ತೆ ಪಕ್ಕದ ಊರಿನ ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಆರುನೂರು ರೋಗಿಗಳಿಗೆ ದಿನವೂ ಬ್ರೆಡ್ಡು ಸುಟ್ಟವರು. ನಿವೃತ್ತರಾಗಿ ಆರು ತಿಂಗಳಾಗಿತ್ತು. ಅಳಿಯನಲ್ಲಿ ಹುರುಪು ಎಂಬ ವಸ್ತು ಇಲ್ಲವೆಂಬುದು ಅವರ ಹಳೆಯ ಕೊರಗು. ಹಿಂದಿನ ದಿನ ಮಗಳು ಫೋನಿನಲ್ಲಿ ನಗುತ್ತ ನಗುತ್ತ, "ಇವರು ಬೇಕರಿ ಅಂತ ಹೇಳಿ..." ಎಂದು ಶುರು ಮಾಡಿದ್ದಳು. ಅತ್ತೆ ಅರ್ಧ ವಾಕ್ಯ ಕೇಳಿ, ಉಳಿದರ್ಧಕ್ಕೆ ಕಾಯದೆ ಫೋನಿಟ್ಟು ಪೆಟ್ಟಿಗೆ ಕಟ್ಟಿದ್ದರು. ಪೆಟ್ಟಿಗೆಯಲ್ಲಿ ಬಟ್ಟೆ ಎರಡು ಜೊತೆ, ಉಳಿದದ್ದೆಲ್ಲ ಮೈದಾ, ತಗಡಿನ ತಟ್ಟೆ ಮತ್ತು ಲಟ್ಟಣಿಗೆ.

"ಅಳಿಯಂದ್ರೇ, ತಡವಾದ್ರೂ ಬುದ್ಧಿ ಬಂತಲ್ಲ," ಎಂದು ಒಳಗೆ ನುಗ್ಗಿದರು.

ಟೈಂಟೇಬಲ್ ನಿಜ ಹೇಳಲು ಮೂರು ಸಲ ಪ್ರಯತ್ನಿಸಿದ. ಮೊದಲ ಸಲ ಅವರು ಸೋಡಾ ಚೀಲದ ಹೊಲಿಗೆ ಬಿಚ್ಚುತ್ತಿದ್ದರು. ಎರಡನೆಯ ಸಲ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದ್ದರು. ಮೂರನೆಯ ಸಲ, ಸೋಡಾ, ಹಾಲು, ವಿನೆಗರ್ ಸೇರಿಸಿ ಮಾಡುವ ಬ್ರೆಡ್ಡಿಗೆ ಹಿಟ್ಟು ಉಬ್ಬಲು ಕಾಯಬೇಕಿಲ್ಲ, ಅದನ್ನು ಯೋಚಿಸಿಯೇ ಈ ಸಾಮಾನು ತರಿಸಿದ್ದೀರಿ, ನೀವು ತೋರಿಸಿಕೊಳ್ಳದ ಜಾಣರು ಎಂದು ಹೊಗಳುತ್ತಿದ್ದರು. ಅತ್ತೆಯ ಬಾಯಿಂದ ಹನ್ನೆರಡು ವರ್ಷಗಳಲ್ಲಿ ಬಂದ ಮೊದಲ ಹೊಗಳಿಕೆ. ಅದನ್ನು ತನ್ನ ಕೈಯಾರೆ ಕೊಲ್ಲಲು ಅವನಿಗೆ ಮನಸ್ಸಾಗಲಿಲ್ಲ.

ಹತ್ತು ಗಂಟೆಗೆ ಸರಿಯಾಗಿ ಇನ್ಸ್‌ಪೆಕ್ಟರು ಬಂದರು. ಕಂಕುಳಲ್ಲಿ ಕಡತ, ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಮಡಚಿದ ಬಿಳಿ ಬಟ್ಟೆ. ಟೈಂಟೇಬಲ್ ನಮಸ್ಕಾರವನ್ನೂ ಮರೆತು, ಇದು ಬೇಕರಿ ಅಲ್ಲ ಸಾರ್ ಎಂದ. ಇನ್ಸ್‌ಪೆಕ್ಟರು ಮೂಗು ಎತ್ತಿ ಒಮ್ಮೆ ಉಸಿರೆಳೆದರು. ಬಿಸಿ ಬ್ರೆಡ್ಡಿನ ಪರಿಮಳ ಮೆಟ್ಟಿಲವರೆಗೂ ಹಬ್ಬಿತ್ತು.

"ನಾನಿನ್ನೂ ಏನೂ ಕೇಳೇ ಇಲ್ವಲ್ಲ," ಎಂದರು.

ಆಮೇಲೆ ಕೇಳಿದರು. ಐವತ್ತು ಕಿಲೋ ಸೋಡಾ ಏತಕ್ಕೆ ಎಂದರೆ ಇವನು ಸಿಂಕಿಗೆ ಎಂದ. ಒಂದು ಡ್ರಮ್ಮು ವಿನೆಗರ್ ಏತಕ್ಕೆ ಎಂದರೆ ಕಿಟಕಿಗೆ ಎಂದ. ಕಿಟಕಿ ಎಷ್ಟಿವೆ ಎಂದರೆ ಮೂರು ಎಂದ. ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟು, ಕೆಲಸಕ್ಕೆ ಸೇರಿದಂದಿನಿಂದ ನಾನು ನೂರಾರು ಸುಳ್ಳು ಕೇಳಿದ್ದೇನೆ, ಆದರೆ ಇಷ್ಟು ಪ್ರಯತ್ನವೇ ಇಲ್ಲದ ಸುಳ್ಳನ್ನು ಕೇಳಿದ್ದು ಇದೇ ಮೊದಲು ಎಂದರು. ಕಡತದಿಂದ, ಸಗಟು ಅಂಗಡಿಯಿಂದ ತರಿಸಿಕೊಂಡಿದ್ದ ಒಂದು ಕಾಗದ ತೆಗೆದು ತೋರಿಸಿದರು. ಬೇಕರಿಗಾಗಿ ಸಾಮಾನು ಕೊಳ್ಳುತ್ತಿದ್ದೇನೆ ಎಂದು ಸಗಟು ವ್ಯಾಪಾರಿಗೆ ಬರೆದುಕೊಟ್ಟ ನಮೂನೆ, ಕೆಳಗೆ ಟೈಂಟೇಬಲ್‌ನ ದುಂಡು ಸಹಿ. ಬೇಕರಿ ಇಲ್ಲವೆಂದರೆ ಈ ಸಹಿ ಸುಳ್ಳು, ಅದಕ್ಕೊಂದು ಕ್ರಮ. ಇದೆಯೆಂದರೆ ಅನುಮತಿ ಇಲ್ಲ, ಅದಕ್ಕೊಂದು ಕ್ರಮ. ಯಾವುದು ಬೇಕು ಎಂದು ಮರ್ಯಾದೆಯಿಂದಲೇ ಕೇಳಿದರು. ಟೈಂಟೇಬಲ್‌ಗೆ ಇವೆರಡರ ಹಿಂದೆ ಮೇಲಧಿಕಾರಿಯ ಮೇಜು ಕೂಡ ಕಾಣುತ್ತಿತ್ತು. ಅತ್ತ ದರಿ, ಇತ್ತ ಪುಲಿ, ಪುಲಿಯ ಹಿಂದೆ ರಾಜೀನಾಮೆ.

ಉತ್ತರಕ್ಕೆ ಕಾಯದೆ ಇನ್ಸ್‌ಪೆಕ್ಟರು ಅಡುಗೆಮನೆಗೆ ನಡೆದರು. ಬಿಳಿ ಬಟ್ಟೆ ತೆಗೆದು ಕಟ್ಟೆಯ ಮೇಲೆ ಒರೆಸಿ ನೋಡಿದರು. ಒಲೆಯ ಹಿಂದೆ ಒರೆಸಿದರು. ಮಂಡಿಯೂರಿ ಸಿಂಕಿನ ಕೆಳಗೆ ಟಾರ್ಚು ಬಿಟ್ಟು ಕೊಳವೆಯ ಬಾಗು ಒರೆಸಿದರು. ಬಟ್ಟೆ ಹೋದ ಹಾಗೆಯೇ ವಾಪಸು ಬಂತು. ಕೊನೆಗೆ ಕುರ್ಚಿ ಹಾಕಿಕೊಂಡು, ದೇವರೂ ನೋಡದ ಕಪಾಟಿನ ನೆತ್ತಿಯನ್ನು ಒರೆಸಿ ಬಟ್ಟೆಯನ್ನು ಬೆಳಕಿಗೆ ಹಿಡಿದರು. ಕುರ್ಚಿಯಿಂದ ಇಳಿಯುವಾಗ ಅವರ ದನಿ ಸ್ವಲ್ಪ ಬದಲಾಗಿತ್ತು.

"ಇದನ್ನೆಲ್ಲ ತೊಳೆದದ್ದು ಯಾರು?"

"ನಾನು," ಎಂದ ಟೈಂಟೇಬಲ್. ಈ ಒಂದು ಉತ್ತರಕ್ಕೆ ಅವನು ಹೆದರಬೇಕಾಗಿರಲಿಲ್ಲ.

ಅಷ್ಟರಲ್ಲಿ ಅತ್ತೆ ಓವನ್ನಿನ ಬಾಗಿಲು ತೆರೆದು ಕಂದುಬಣ್ಣಕ್ಕೆ ತಿರುಗಿದ ದುಂಡನೆಯ ಬ್ರೆಡ್ಡನ್ನು ಹೊರಗೆಳೆದರು. ಹೊರಗಿನ ಕೋಣೆಯಲ್ಲಿ ನಡೆದ ಮಾತನ್ನೆಲ್ಲ ಅವರು ಕೇಳಿಸಿಕೊಂಡಿದ್ದರು. ಅಳಿಯನನ್ನು ಒಮ್ಮೆ ನೋಡಿದರು. ಆ ನೋಟದಲ್ಲಿ ಬೆಳಗಿನ ಹೊಗಳಿಕೆ ಪೂರ್ತಿ ವಾಪಸು ಹೋಗಿತ್ತು.

"ಬೇಕರಿ ಇದೆ ಸಾರ್. ಆದ್ರೆ ಇವರದ್ದಲ್ಲ, ನಂದು," ಎಂದರು. "ಇವತ್ತಿಂದ ಶುರು."

"ಹಾಗಾದ್ರೆ ಈ ಸಹಿ?"

"ಬೇಕರಿಗೆ ಸಾಮಾನು ಅಂತ ತಾನೇ ಬರೆದಿರೋದು? ಸಾಮಾನಿದೆ, ಬೇಕರೀನೂ ಇದೆ. ಅತ್ತೆ ಮನೆಗೆ ಸಾಮಾನು ತಂದಿಡೋದು, ತೊಳೆದಿಡೋದು, ಅಳಿಯ ಅಂದ್ರೆ ಇನ್ಯಾತಕ್ಕೆ ಸಾರ್?"

ಇನ್ಸ್‌ಪೆಕ್ಟರು ಕೆಲಸದ ಮೇಲಿರುವಾಗ ತಾವು ಏನನ್ನೂ ತಿನ್ನುವುದಿಲ್ಲ ಎಂದರು. ಆದರೆ ರುಚಿ ನೋಡುವುದು ಪರೀಕ್ಷೆಯ ಭಾಗ ಎಂದು ಕೂಡಲೇ ಸೇರಿಸಿದರು. ಪರೀಕ್ಷೆ ನಾಲ್ಕು ತುಂಡುಗಳವರೆಗೆ ನಡೆಯಿತು. ಆಮೇಲೆ ಅರ್ಜಿಯ ಹಾಳೆ ತೆಗೆದು, ಒಡತಿಯ ಜಾಗದಲ್ಲಿ ಅತ್ತೆಯ ಹೆಸರು ಬರೆದು, ಶುಚಿತ್ವ ಎಂಬಲ್ಲಿ ಅತ್ಯುತ್ತಮ ಎಂದು ಎರಡು ಗೆರೆ ಎಳೆದು, ಮನೆಯಲ್ಲಿರುವ ಇತರರು ಎಂಬಲ್ಲಿ 'ಅಳಿಯ: ವ್ಯಾಪಾರದಲ್ಲಿ ಪಾಲಿಲ್ಲ, ತೊಳೆಯುವ ಕೆಲಸ ಮಾತ್ರ' ಎಂದು ಬರೆದು ಸೀಲು ಒತ್ತಿದರು.

ಆ ಹಾಳೆಯ ಪ್ರತಿಯನ್ನು ಹಿಡಿದು ಟೈಂಟೇಬಲ್ ಮಧ್ಯಾಹ್ನ ಕಚೇರಿಗೆ ಓಡಿದ. ಮೇಲಧಿಕಾರಿಗಳು ಅದನ್ನು ಎರಡು ಸಲ ಓದಿದರು. ಅತ್ತೆಯ ಪಾತ್ರೆ ತೊಳೆಯಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ, ಹೇಳಿದರೆ ಈ ಕಚೇರಿಯಲ್ಲಿ ತಮ್ಮನ್ನೂ ಸೇರಿಸಿ ಯಾರೂ ಉಳಿಯುವುದಿಲ್ಲ ಎಂದು ಹೇಳಿ ಕಡತಕ್ಕೆ ಸೇರಿಸಿದರು. ಗಾಜು ಹಾಕಿಸಲು ಹೊರಟಿದ್ದ ಸಹೋದ್ಯೋಗಿ ಎರಡು ದಿನ ಮಾತು ಬಿಟ್ಟ. ಹಿಂದಿರುಗುವ ದಾರಿಯಲ್ಲಿ ಟೈಂಟೇಬಲ್ ಸಗಟು ವ್ಯಾಪಾರಿಯ ಅಂಗಡಿಗೆ ಹೋಗಿ ತಾನು ಫೋನಿನಲ್ಲಿ ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡ. ಆತ ಮೊದಲು ಮುಖ ಗಂಟು ಹಾಕಿಕೊಂಡು, ಆಮೇಲೆ ಈಗ ಬೇಕರಿ ಇದೆಯೋ ಇಲ್ಲವೋ ಎಂದು ಕೇಳಿ, ಇದೆ ಎಂದದ್ದಕ್ಕೆ ಮೈದಾ ಎಷ್ಟು ಚೀಲ ಕಳಿಸಲಿ ಎಂದ. ಟೈಂಟೇಬಲ್ ಅತ್ತೆಯನ್ನು ಕೇಳಿ ಹೇಳುತ್ತೇನೆ ಎಂದು ಕೈಮುಗಿದು ಹೊರಬಿದ್ದ.

ಹೆಡ್‌ಮಿಸ್ಸಿನ ಸಂಗತಿಯೇ ಬೇರೆ. ಒಲೆ ನಿಜವಾಗಿ ಉರಿಯಲು ಶುರುವಾಗಿ ಮೂರು ದಿನಕ್ಕೆ ಅವರು ಕೆಳಗಿಳಿದು ಬಂದರು. ಅತ್ತೆ ಸೊಂಟಕ್ಕೆ ಕೈಕೊಟ್ಟು ಜಗಳಕ್ಕೆ ಸಿದ್ಧರಾದರು. ಹೆಡ್‌ಮಿಸ್ಸು ಬಂದದ್ದು, ಬೆಳಗಿನ ಹೊತ್ತು ನೆಲ ಬೆಚ್ಚಗಿರುವುದರಿಂದ ತಮ್ಮ ಮಂಡಿನೋವು ಎಷ್ಟೋ ಕಡಿಮೆಯಾಗಿದೆ, ಭಾನುವಾರವೂ ಒಲೆ ಹಚ್ಚಲು ಸಾಧ್ಯವೇ ಎಂದು ಕೇಳಲು. ದೂರನ್ನು ಹಿಂತೆಗೆದುಕೊಂಡು ಐದು ಪುಟ ಬರೆದು ಕಳಿಸಿದರು.

ಮೊದಲ ವಾರ ಮುಗಿದ ಸಂಜೆ, ಬ್ರೆಡ್ಡೆಲ್ಲ ಖಾಲಿಯಾಗಿ, ಹೆಂಡತಿ ಕೆಳಗೆ ಸಲೂನಿನ ಯಜಮಾನನಿಗೆ ಅವನಿಗೆಂದು ತೆಗೆದಿಟ್ಟಿದ್ದ ಬ್ರೆಡ್ಡು ಕೊಡಲು ಹೋಗಿದ್ದಳು. ಅಡುಗೆಮನೆಯಲ್ಲಿ ಅತ್ತೆ, ಅಳಿಯ ಇಬ್ಬರೇ. ಅತ್ತೆ ಹಿಟ್ಟಿನ ಕೈಯನ್ನು ನೋಡುತ್ತ ನಿಂತವರು, ನಿವೃತ್ತಿಯಾದ ಮೇಲೂ ಬೆಳಗಿನ ನಾಲ್ಕಕ್ಕೆ ಎಚ್ಚರವಾಗುತ್ತಿತ್ತೆಂದೂ, ಎದ್ದು ಏನು ಮಾಡಬೇಕೆಂದು ತೋಚದೆ ದಿಂಬನ್ನು ನಾದುತ್ತ ಕೂರುತ್ತಿದ್ದೆನೆಂದೂ ಯಾರಿಗೋ ಹೇಳುವಂತೆ ಹೇಳಿದರು. ಟೈಂಟೇಬಲ್, ಎಲ್ಲ ನನ್ನ ತಪ್ಪಿನಿಂದ ಆದದ್ದು ಎಂದ.

"ಹೌದು," ಎಂದರು ಅತ್ತೆ. "ಆದ್ರೆ ಅದಕ್ಕೆ ಥ್ಯಾಂಕ್ಸ್ ಹೇಳಲ್ಲ ಅಳಿಯಂದ್ರೇ. ಹೇಳಿದ್ರೆ ನಿಮಗೆ ಅಭ್ಯಾಸ ಆಗ್ಬಿಡುತ್ತೆ."

ಹಾಗೆಂದು ಅವರು ಮಾರನೆಯ ದಿನಕ್ಕೆ ಮೈದಾ ಜರಡಿ ಹಿಡಿಯತೊಡಗಿದರು. ಅಳಿಯ ತೋಳು ಮಡಚಿ, ಎಣ್ಣೆ ಹಿಡಿದ ತಗಡಿನ ತಟ್ಟೆಗಳನ್ನು ಒಂದೊಂದಾಗಿ ಸಿಂಕಿಗೆ ಇಳಿಸಿದ.